ನಡೆಯಬಲ್ಲವಳು

ದೇವರು ಕೊಡದ ಕಾಲನ್ನು ನನಗೆ ಡಾಕ್ಟರು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟರು.

ಅಂಗವಿಕಲರ ಭತ್ಯೆ ಪಡೆಯುವವರೆಲ್ಲ ಮತ್ತೆ ತಪಾಸಣೆಗೆ ಬರಬೇಕೆಂದು ಹೇಳಿದ್ದರು. ತಪಾಸಣೆಯ ಕೋಣೆ ಇದ್ದದ್ದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿ ಮುಂದೊಂದು ಹೂಕುಂಡ ಇಟ್ಟಿದ್ದರು. ಗಿಡ ಸೊಂಪಾಗಿ ಬೆಳೆದು ಬಾಗಿಲನ್ನು ಅರ್ಧ ಮುಚ್ಚಿತ್ತು. ಕಾಲಿಲ್ಲದವರನ್ನು ಮೆಟ್ಟಿಲ ತುದಿಗೆ ಕರೆಸುವ ಬುದ್ಧಿ ಯಾವ ಮಹಾನುಭಾವನಿಗೆ ಹೊಳೆಯಿತೋ! ಅಕ್ಕ ಎಂದಿನಂತೆ ನನ್ನನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು. ಅರ್ಧ ದಾರಿಗೇ ಅವಳಿಗೆ ಏದುಸಿರು ಬಂದಿತ್ತು.

ಬಾಗಿಲ ಹತ್ತಿರ "ಇಳ್ಸೇ" ಎಂದೆ. ಪರರ ಎದುರಿಗೆ ಬೆನ್ನ ಮೇಲೆ ಹೋಗಬಾರದು ಎನ್ನುವುದು ನಮ್ಮ ಮನೆಯ ರೂಢಿ. ಶಾಲೆಯಾಗಲಿ, ಮದುವೆಯಾಗಲಿ, ಅಮ್ಮ ಹೊಸ್ತಿಲ ತನಕ ಹೊತ್ತು ತಂದು, ಇಳಿಸಿ, ಬಟ್ಟೆ ಸರಿಮಾಡಿ, ಗೋಡೆ ಹಿಡಿಸಿ ಒಳಗೆ ಕಳಿಸುತ್ತಿದ್ದಳು. ಹಾಗೆಯೇ ಗೋಡೆ ಹಿಡಿದು, ಹಲ್ಲು ಕಚ್ಚಿ, ನಗುಮುಖ ಮಾಡಿಕೊಂಡು ಡಾಕ್ಟರ ಮುಂದಿನ ಕುರ್ಚಿಗೆ ಹೋಗಿ ಕೂತೆ.

"ನಡೀತೀರಲ್ಲ," ಎಂದರು ಡಾಕ್ಟರು.

"ಇಷ್ಟೇ ಸಾರ್. ಮೇಲಕ್ಕೆ ಅಕ್ಕ ಹೊತ್ಕೊಂಡು ಬಂದ್ಳು."

"ಹೊತ್ತಿದ್ದನ್ನ ನಾನು ನೋಡ್ಲಿಲ್ಲ. ನಡೆದಿದ್ದನ್ನ ನೋಡ್ದೆ," ಎಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದರು.

ಅದೇ ಗಳಿಗೆಗೆ ಹೊರಗಿನ ಬೆಂಚಿನಿಂದ ಯಾರೋ ಎದ್ದು, ಚಪ್ಪಲಿ ಬಡಿಯುತ್ತ ಸರಸರನೆ ಮೆಟ್ಟಿಲಿಳಿದು ಹೋದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅಕ್ಕ ಒಬ್ಬಳೇ.

"ನಿನ್ನ ಪಕ್ಕ ಯಾರಿದ್ರು?"

"ಯಾರೂ ಇರ್ಲಿಲ್ವಲ್ಲೇ."

ಭತ್ಯೆ ನಿಂತಿತು. ನಾನು ಕೆಲಸಕ್ಕೆ ಹೋಗಿಬರುವ ಆಟೋ ಅದರಿಂದಲೇ ಓಡುತ್ತಿತ್ತು. ನಾನು ಬಟ್ಟೆ ಕಾರ್ಖಾನೆಯಲ್ಲಿ ದುಬಾರಿ ಶರ್ಟುಗಳಿಗೆ ಕೈಯಲ್ಲೇ ಗುಂಡಿ ಹಾಕುವವಳು. ಉಳಿದವರೆಲ್ಲ ಕೂರುವುದು ಮೇಲೆ, ಕಬ್ಬಿಣದ ಕಡಿದಾದ ಮೆಟ್ಟಿಲು ಹತ್ತಿ. ಅಂಗವಿಕಲಳೆಂದು ನನಗೊಬ್ಬಳಿಗೆ ಕೆಳಗೆ ಕಿಟಕಿಯ ಪಕ್ಕ ಕುರ್ಚಿ ಕೊಟ್ಟಿದ್ದರು. ಅದೊಂದು ಹೋದರೆ ನನ್ನ ಅನ್ನವೇ ಹೋದಂತೆ.

ಮಾಲೀಕರು ತಲೆ ಕೆರೆದುಕೊಂಡರು. "ಸರ್ಕಾರನೇ ನಿನಗೆ ಕಾಲಿದೆ ಅಂದ್ಮೇಲೆ ನಾನು ಇಲ್ಲ ಅನ್ನೋಕಾಗುತ್ತೇನಮ್ಮ? ಇನ್ನು ಸ್ವಲ್ಪ ದಿನ ಇಲ್ಲೇ ಕೂತ್ಕೋ. ಆಮೇಲೆ ಎಲ್ಲರ ಜೊತೆ ಮೇಲೆ."

ಅಂದಿನಿಂದ ಅಕ್ಕ ನನ್ನನ್ನು ಹೊತ್ತು ಬಸ್ಸಿಗೆ ಹತ್ತಿಸತೊಡಗಿದಳು. ಬಸ್ಸಿನ ಮೊದಲ ಮೆಟ್ಟಿಲು ಅವಳ ಮಂಡಿಗಿಂತ ಎತ್ತರ. ಒಂದು ಸಂಜೆ ಪಕ್ಕದ ಮನೆಯಾಕೆ ನನ್ನ ಮೇಲೆ ಮುನಿಸಿಕೊಂಡು ಬಂದಳು.

"ಏನೇ, ಮಾರ್ಕೆಟ್ಟಲ್ಲಿ ಅಷ್ಟು ಕೂಗಿದ್ರೂ ತಿರುಗಿ ನೋಡ್ದೆ ಹೋದ್ಯಲ್ಲ! ಕಾಲು ಬಂದ ಕೂಡ್ಲೇ ಕೊಬ್ಬೂ ಬಂತಾ?"

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ ಎಂದು ಅಕ್ಕ ಅವಳನ್ನು ಬೈದುಕೊಂಡಳು. ಆದರೆ ಆಮೇಲೆ ನನ್ನ ಕಾಲಿಗೆ ಎಣ್ಣೆ ತಿಕ್ಕುವಾಗ ಅಂಗಾಲನ್ನು ದೀಪದ ಕಡೆಗೆ ತಿರುಗಿಸಿ ನೋಡಿದಳು.

"ಏನು ಹುಡುಕ್ತಿದ್ದೀಯ?"

"ಏನಿಲ್ಲ. ಧೂಳು," ಎಂದಳು.

ಕೊನೆಗೆ ಅಕ್ಕನ ಸೊಂಟ ಹಿಡಿದುಕೊಂಡಿತು. ಕೆಲವು ದಿನ ನಾನು ಕೆಲಸಕ್ಕೆ ಹೋಗಲೇ ಇಲ್ಲ. ಮತ್ತೆ ಹೋದಾಗ ನನ್ನ ಕುರ್ಚಿಯ ಮೇಲೆ ಬಟ್ಟೆಯ ಗಂಟುಗಳನ್ನು ಪೇರಿಸಿದ್ದರು. ಅಕ್ಕ ನನ್ನನ್ನು ಅವುಗಳ ಪಕ್ಕ ನೆಲದ ಮೇಲೆ ಕೂರಿಸಿ ಹೋದಳು.

"ನಿನ್ನೆ ಮೇಲೆ ಅಷ್ಟು ಚುರುಕಾಗಿದ್ದೆ, ಇವತ್ಯಾಕೆ ಮತ್ತೆ ನಾಟಕ?" ಎಂದು ಇಸ್ತ್ರಿಯವಳು ಮೇಲಿಂದ ತಂದ ಒಂದು ಶರ್ಟನ್ನು ನನ್ನ ಮಡಿಲಿಗೆ ಎಸೆದಳು.

ಗುಂಡಿ ಹಾಕಿದ ಮೇಲೆ ದಾರವನ್ನು ಅದರ ಬುಡಕ್ಕೆ ಸುತ್ತಿ, ಗಂಟನ್ನು ಒಳಗೆ ಅಡಗಿಸುವುದು ನನ್ನ ಚಾಳಿ. ಅಷ್ಟು ತಾಳ್ಮೆ ಅಲ್ಲಿ ಬೇರೆ ಯಾರಿಗೂ ಇಲ್ಲ. ಆ ಶರ್ಟಿನ ಎಲ್ಲ ಗುಂಡಿಗಳಲ್ಲೂ ಹಾಗೇ ಇತ್ತು. ನನ್ನದೇ ಕೈ.

"ಯಾರೇ ಮೇಲಿರೋದು?" ಎಂದು ಕೂಗಿದೆ.

ಮೇಲೆ ಕುರ್ಚಿ ಸರಿಯಿತು. ಹೆಜ್ಜೆಗಳು ಮೆಟ್ಟಿಲ ತುದಿಗೆ ಬಂದು ನಿಂತವು. ನೆಲದಲ್ಲಿದ್ದ ನನಗೆ ಕಂಡದ್ದು ಎರಡು ಪಾದ ಮಾತ್ರ, ನೆಟ್ಟಗೆ ಊರಿದ ಪಾದ. ಎಡಗಾಲಿನ ಕಿರುಬೆರಳು ನನ್ನದರಂತೆಯೇ ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಸುಳ್ಳು ಯಾಕೆ, ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅವಳು ಇಳಿದು ಬರಲಿಲ್ಲ. ನನ್ನನ್ನು ನೋಡುವ ಅಗತ್ಯವೇ ಅವಳಿಗೆ ಇರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು.

"ಹತ್ತುವಾಗ ಸುಸ್ತಾಗಲ್ವಾ ಅವಳಿಗೆ?" ಎಂದು ಕೇಳಿದಳು.

ಮರುದಿನ ನನ್ನನ್ನು ಹೊರಲು ಅವಳಿಂದ ಆಗಲಿಲ್ಲ. ಚೀಲ ಹಿಡಿದು ತಾನೊಬ್ಬಳೇ ತನ್ನ ಕೆಲಸಕ್ಕೆ ಹೋದಳು. ಸಂಜೆ ಬೀದಿಯಲ್ಲಿ ಅವಳ ನಗು ಕೇಳಿಸಿತು. ಅಕ್ಕ ನಕ್ಕು ಎಷ್ಟು ಕಾಲವಾಗಿತ್ತೋ. ಜೊತೆಗೆ ಇನ್ನೊಬ್ಬರ ಹೆಜ್ಜೆ, ಹಗುರವಾಗಿ, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ. ನಾನು ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದೆ.

ಅಕ್ಕ ಒಳಗೆ ಬಂದು ಚಪ್ಪಲಿ ಬಿಟ್ಟಳು. ಕೈಯಲ್ಲಿ ಚೀಲವಿರಲಿಲ್ಲ, ಬೆನ್ನು ನೆಟ್ಟಗಿತ್ತು. ಅವಳು ಕೆಳಗೆ ನೋಡಲಿಲ್ಲ.

"ಅಕ್ಕಾ," ಎಂದೆ.

ಹೊಸ್ತಿಲ ಹೊರಗೆ ನಿಂತಿದ್ದವಳೂ ಆಗಲೇ, ನನ್ನದೇ ದನಿಯಲ್ಲಿ, "ಅಕ್ಕಾ" ಎಂದಳು.

ಅಕ್ಕ ಬಾಗಿಲ ಕಡೆಗೆ ತಿರುಗಿ, "ಬಾರೇ ಒಳಗೆ, ಊಟ ಮಾಡೋಣ," ಎಂದಳು.