ಅರ್ಧ ಬೆರಳು ಆಚೆಗೆ

ಎರಡು ನಗರಗಳ ನಡುವಿನ ಗಡಿಕಲ್ಲನ್ನು ನಮ್ಮ ದೊಡ್ಡಮ್ಮ ಮೂವತ್ತು ವರ್ಷಗಳಿಂದ ಸಾಣೆಕಲ್ಲು ಮಾಡಿಕೊಂಡಿದ್ದಳು. ಅದನ್ನು ಯಾವ ರಾಜ ನೆಟ್ಟನೋ, ಯಾವ ಜಗಳ ಮುಗಿದ ಮೇಲೆ ನೆಟ್ಟನೋ, ಅವಳಿಗೆ ಬೇಡ. ಸೊಂಟದೆತ್ತರದ ಮರಳುಗಲ್ಲು, ಮೈಯೆಲ್ಲ ತರಿತರಿ, ಚಾಕು ಕತ್ತರಿಗೆ ಹೇಳಿ ಮಾಡಿಸಿದ್ದು. ಪಕ್ಕದಲ್ಲಿ ಅವಳ ತಗಡಿನ ಪೆಟ್ಟಿಗೆ ಅಂಗಡಿ. ಅದಕ್ಕೆ ಈಚೆ ನಗರದ ಪರವಾನಗಿ.

ಗಿರಾಕಿ ಬಂದರೆ ಅವಳು ಕೇಳುತ್ತಿದ್ದುದು ಒಂದೇ: "ಈಚೆಯೋ, ಆಚೆಯೋ?" ಈಚೆ ನಗರದವರ ಚಾಕು ಕಲ್ಲಿನ ಈಚೆ ಮುಖಕ್ಕೆ, ಆಚೆಯವರದು ಆಚೆ ಮುಖಕ್ಕೆ. ಕಲ್ಲು ಇಬ್ಬರದೂ ಆದ್ದರಿಂದ ಒಬ್ಬರ ಪಾಲನ್ನು ಇನ್ನೊಬ್ಬರು ಸವೆಸಬಾರದು ಎಂಬುದು ಅವಳ ನ್ಯಾಯ.

ಈ ವರ್ಷ ಎರಡೂ ನಗರಸಭೆಗಳು ಸೇರಿ ಗಡಿ ಅಳೆಸಿದವು. ಕಲ್ಲಿನ ನಟ್ಟನಡು ಎಲ್ಲಿದೆಯೋ ಅಲ್ಲೇ ಗಡಿ ಎಂದು ನಿಯಮ. ಅಳತೆಗಾರ ದಾರ ಹಿಡಿದ, ಬಗ್ಗಿದ, ಎದ್ದು ಮಂಡಿ ಒರೆಸಿಕೊಂಡ.

"ಅಮ್ಮಾ, ನಿಮ್ಮ ಅಂಗಡಿ ಅರ್ಧ ಬೆರಳು ಆಚೆ ನಗರದಲ್ಲಿದೆ."

"ಇರ್ಲಿ ಬಿಡಪ್ಪ, ಅದೇನು ಅನ್ನ ಕೇಳತ್ತಾ?"

"ಆಚೆ ನಗರದಲ್ಲಿ ಬೀದಿ ಅಂಗಡಿ ಇಡೋ ಹಾಗಿಲ್ಲ. ಎಂಟು ದಿನ ಬಿಟ್ಟು ಕೊನೇ ಅಳತೆ. ಆಗ್ಲೂ ಹೀಗೇ ಇದ್ರೆ ಪರವಾನಗಿ ರದ್ದು, ಅಂಗಡಿ ಎತ್ತಿಸ್ತಾರೆ."

ನಾನು ಮಕ್ಕಳಿಗೆ ಲೆಕ್ಕದ ಪಾಠ ಹೇಳುವವಳು. ಅವನು ಹೋದ ಕೂಡಲೇ ಪರಿಹಾರ ಕೊಟ್ಟೆ. "ಅಂಗಡೀನ ಅರ್ಧ ಬೆರಳು ಈಚೆ ತಳ್ಳಿದ್ರಾಯ್ತಲ್ಲ ದೊಡ್ಡಮ್ಮ. ನಾಲ್ಕು ಜನ ಸಾಕು."

ಮೊಂಡು ಚಾಕುವನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು. "ಮೂವತ್ತು ವರ್ಷದಿಂದ ಕೂತಿರೋಳು ನಾನು. ನಿನ್ನೆ ಬಂದ ದಾರಕ್ಕೆ ಹೆದರಿ ನಾನ್ಯಾಕೆ ಸರೀಲಿ? ಊರೇ ಸರೀಲಿ."

ಊರು ಸರಿಸುವ ದಾರಿ ಹೊಳೆಯಲು ಅವಳಿಗೆ ಒಂದು ಲೋಟ ಚಹಾ ಸಾಕಾಯಿತು. ಈಚೆ ಮುಖ ಸವೆದರೆ ಕಲ್ಲಿನ ನಡು ಆಚೆಗೆ ಹೋಗುತ್ತದೆ. ನಡು ಹೋದಲ್ಲಿಗೆ ಗಡಿಯೂ ಹೋಗಲೇಬೇಕು.

"ಎಷ್ಟು ಸವೆಸ್ಬೇಕೇ?"

"ಅರ್ಧ ಬೆರಳು," ಎಂದೆ, ಯೋಚಿಸುವ ಗೋಜಿಗೇ ಹೋಗದೆ.

ಸುದ್ದಿ ಹಬ್ಬಿತು. ಈಚೆ ನಗರದ ದರ್ಜಿಗಳು ಕತ್ತರಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಆಸ್ಪತ್ರೆಯ ಅಡುಗೆಮನೆಯಿಂದ ಈಳಿಗೆಮಣೆ ಬಂತು. ಹರಿತವಾಗಿದ್ದವನ್ನು ಜನ ಕಬ್ಬಿಣದ ತಂತಿ ಕತ್ತರಿಸಿ ಮೊಂಡು ಮಾಡಿಕೊಂಡು ತಂದರು. ನಾಲ್ಕನೇ ದಿನಕ್ಕೆ ಬೆರಳಿಗೆ ಬಟ್ಟೆ ಸುತ್ತದವರು ಈಚೆ ನಗರದಲ್ಲಿ ಯಾರೂ ಉಳಿಯಲಿಲ್ಲ.

"ನಮ್ಮತ್ತೆ ನಾಲಿಗೆ ತರ್ಲಾ ಅಮ್ಮ?" ಎಂದ ಮೂಲೆಯಂಗಡಿಯ ದರ್ಜಿ.

"ಬೇಡಪ್ಪ, ಕಲ್ಲು ಎರಡು ಹೋಳಾದೀತು."

ಎಂಟನೇ ದಿನ ಅಳತೆಗಾರ ಬಂದ. ಅರ್ಧ ಬೆರಳು ಕರಾರುವಾಕ್ಕಾಗಿ ಸವೆದಿತ್ತು. ದಾರ ಹಿಡಿದು ಅವನು, "ಇನ್ನೂ ಕಾಲು ಬೆರಳು ಆಚೆಗೇ ಇದೆ," ಎಂದ.

ಒಂದು ಮುಖ ಅರ್ಧ ಬೆರಳು ಸವೆದರೆ ನಡು ಸರಿಯುವುದು ಅದರರ್ಧ ಮಾತ್ರ. ಇದು ನಾನು ಆರನೇ ಕ್ಲಾಸಿಗೆ ಹೇಳಿಕೊಡುವ ಪಾಠ. ದೊಡ್ಡಮ್ಮ ಅಳತೆಗಾರನಿಗೆ ಹೇಳಿದಳು: "ಇವಳಿಗೆ ಫೀಸು ಬೇರೆ ಕೊಡ್ತಾರೆ ನೋಡಪ್ಪ."

ಅವನು ಬರೆಯಲು ಹೋದಾಗ ಪೆನ್ಸಿಲಿನ ಮೊನೆ ಮುರಿಯಿತು. ಜೇಬಿನಿಂದ ಚಾಕು ತೆಗೆದ. ಅದರಲ್ಲಿ ಬೆಣ್ಣೆಯನ್ನೂ ಕತ್ತರಿಸುವಂತಿರಲಿಲ್ಲ. ದೊಡ್ಡಮ್ಮನ ಕೈ ತಾನಾಗಿ ಮುಂದೆ ಬಂತು.

"ಕೊಡಿಲ್ಲಿ. ಈಚೆಯೋ, ಆಚೆಯೋ?"

"ಆಚೆ."

"ಅಮ್ಮಾ!" ದರ್ಜಿ ಅವಳ ಕಿವಿಯ ಹತ್ತಿರ ಬಾಗಿದ. "ಈಚೆ ಮುಖಕ್ಕೆ ಉಜ್ಜಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲೋ."

ಆಚೆ ಮುಖಕ್ಕೇ ಉಜ್ಜಿದಳು, ಅವಸರವಿಲ್ಲದೆ, ಎರಡೂ ಮಗ್ಗುಲು. ಉದುರಿದ ಒಂದೊಂದು ಚಿಟಿಕೆ ಪುಡಿಯೂ ಗಡಿಯನ್ನು ಮತ್ತೆ ಅವಳ ಅಂಗಡಿಯೊಳಗೆ ತಳ್ಳುತ್ತಿತ್ತು. ದರ್ಜಿಗೆ ನೋಡಲಾಗಲಿಲ್ಲ, ತಿರುಗಿ ನಿಂತ. ಅಳತೆಗಾರ ಮಾತ್ರ ಕಣ್ಣು ಕೀಳಲಿಲ್ಲ.

ಚಾಕು ಕೈಗೆ ಬಂದ ಮೇಲೆ ಅವನು ಪೆನ್ಸಿಲನ್ನು ಸೂಜಿಯಂತೆ ಹೆರೆದ. ಆಮೇಲೆ ಪುಸ್ತಕ ಮುಚ್ಚಿದ.

"ಬಿಸಿಲು ಕಣ್ಣಿಗೆ ಹೊಡೀತಿತ್ತು. ಇದನ್ನ ಅಳತೆ ಅನ್ನೋಕಾಗಲ್ಲ. ಇನ್ನೆಂಟು ದಿನ ಬಿಟ್ಟು ಬರ್ತೀನಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ನಿಮ್ಮ ಕಡೆಯವರಿಗೆ ಹೇಳಿ, ಗುದ್ದಲಿ ಪಿಕಾಸಿನೂ ಸಾಣೆ ಹಿಡಿಸ್ಬಹುದು."

ಗುದ್ದಲಿ ಬಂದವು, ಪಿಕಾಸಿ ಬಂದವು, ಶಾಲೆಯ ಮಕ್ಕಳ ಜಾಮೆಟ್ರಿ ಬಾಕ್ಸಿನ ಕೈವಾರಗಳೂ ಬಂದವು. ದೊಡ್ಡಮ್ಮನ ರಟ್ಟೆ ಊದಿತು. ಮುಂದಿನ ಅಳತೆಯಲ್ಲಿ ದಾರ ತಗಡನ್ನು ಸವರಿಕೊಂಡು ಹೊರಗೇ ಹಾದುಹೋಯಿತು. ಅಳತೆಗಾರ ಬರೆದ, ಎರಡೂ ಊರಿನ ಮುದ್ರೆ ಬಿತ್ತು. ಅಂಗಡಿ ಉಳಿಯಿತು.

ಆದರೆ ದಾರ ಅವಳ ಅಂಗಡಿಗೇ ಮುಗಿಯುವುದಿಲ್ಲ. ಆ ಬೀದಿಯುದ್ದಕ್ಕೂ ಗಡಿ ಅರ್ಧ ಬೆರಳು ಸರಿದಿತ್ತು. ಬೀದಿಯ ಕೊನೆಯಲ್ಲಿ, ಗಡಿಗೆ ತಾಗಿಕೊಂಡು ಆಚೆ ನಗರದ ಸ್ಥಾಪಕನ ಕಂಚಿನ ಪ್ರತಿಮೆ ನಿಂತಿತ್ತು. ಮರುದಿನ ಆಚೆ ನಗರದ ಮೇಯರ್ ಕಾರಿನಲ್ಲಿ ಬಂದಿಳಿದರು, ಹಿಂದೆ ಇಬ್ಬರು ಗುಮಾಸ್ತರು.

"ನಮ್ಮ ಮಹಾಪುರುಷರ ಕಾಲಿನ ಹೆಬ್ಬೆರಳು ಈಗ ನಿಮ್ಮೂರಲ್ಲಿದೆ! ಇಡೀ ನಗರಕ್ಕೇ ಅವಮಾನ. ಏನು ಮಾಡ್ತೀರಮ್ಮ ಈಗ?"

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಕರ್ಕೊಂಡ್ಬನ್ನಿ, ಉಜ್ಜಿ ಸರಿಮಾಡಿ ಕೊಡ್ತೀನಿ. ಕಾಲು ಅಲ್ಲಾಡಿಸ್ಬಾರ್ದು ಅಂತ ಮಾತ್ರ ಮೊದಲೇ ಹೇಳಿರಿ."