ಅರ್ಧ ಆರಿಸಿದ ಪಟ್ಟಿ

“ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ,” ಎಂದಳು ಅವಳು, ಗುಮಾಸ್ತರ ಹೆಗಲ ಮೇಲಿಂದ ಬಗ್ಗಿ.

ಸ್ಮಶಾನದ ಕಚೇರಿಯ ಗುಮಾಸ್ತರು ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆ ಬೆಳಗಿತು, ಎಲ್ಲ ಸರಿಯಿದ್ದ ಹಾಗೇ ಕಂಡಿತು. ಪ್ರಿಂಟರ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಂತೆ ತೆಪ್ಪಗೆ ಕೂತಿತ್ತು. ಅನುಮತಿ ಚೀಟಿ ಬರದೆ ಹೊರಗೆ ನಿಂತ ವ್ಯಾನಿನಿಂದ ಅವಳ ಗಂಡನನ್ನು ಇಳಿಸುವಂತಿಲ್ಲ. ಐದಕ್ಕೆ ಸರಿಯಾಗಿ ಗೇಟು ಹಾಕುತ್ತಾರೆ. ಈಗ ನಾಲ್ಕು. ತಪ್ಪಿದರೆ ಮತ್ತೆ ಆಸ್ಪತ್ರೆಯ ಶವಾಗಾರಕ್ಕೇ ವಾಪಸು.

“ಕೈಯಲ್ಲಿ ಬರೆದು ಕೊಡಿ.”

“ನಂಬರ್ ಮಷಿನ್ನೇ ಹಾಕ್ಬೇಕಮ್ಮ. ಕೈಬರಹ ಕೊಟ್ರೆ ಒಳಗಿನೋರು ಮುಟ್ಟಲ್ಲ.” ಗುಮಾಸ್ತರು ತಲೆ ಕೆರೆದುಕೊಂಡರು. “ನಿನ್ನೆ ಮಧ್ಯಾಹ್ನ ರಿಪೇರಿಗೆ ನಮ್ಮ ರೀಸ್ಟಾರ್ಟಣ್ಣ ಬಂದಿದ್ರು. ಮಷಿನ್ನು ಏಳ್ತಾ ಏಳ್ತಾ ಮಧ್ಯದಲ್ಲೇ ನಿಂತ್ಬಿಡ್ತಿತ್ತು. ಒಳಗಿರೋದನ್ನೆಲ್ಲ ಅರ್ಧಕ್ಕರ್ಧ ಆಫ್ ಮಾಡಿ, ಮಿಕ್ಕಿದ್ದು ನಾಳೆ ನೋಡ್ತೀನಿ ಅಂತ ಹೋದ್ರು. ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಆಸಾಮಿ ಇನ್ನೂ ಬಂದಿಲ್ಲ.”

“ಬಂದಿದ್ದಾರೆ,” ಎಂದಳು ಅವಳು. “ವ್ಯಾನಲ್ಲಿದ್ದಾರೆ.”

ಗುಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. ಮೇಜಿನ ಮೇಲಿದ್ದ ಅರ್ಜಿಯಲ್ಲಿನ ಹೆಸರನ್ನು ಈಗ ಸರಿಯಾಗಿ ಓದಿದರು. ರೀಸ್ಟಾರ್ಟಣ್ಣನಿಗೆ ಅಂಥದೊಂದು ಹೆಸರಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನಾದಿನಿ ಮತ್ತೆ ಶುರುಮಾಡಿದಳು. “ಅಲ್ಲ ಅತ್ತಿಗೆ, ಇಲ್ಲಿಂದ ಮನೆಗೆ ಬಂದ ಅಣ್ಣ ಏನೂ ಹೇಳ್ಲಿಲ್ವಾ? ಸುಸ್ತು, ನೋವು, ಏನೂ?”

“ಇಲ್ಲ ಅಂದ್ನಲ್ಲ.”

“ಹೃದಯದ್ದು ಅಂದ್ರೆ ಮೊದಲೇ ಸೂಚನೆ ಇದ್ದಿರುತ್ತೆ ಅಂದ್ರು ಡಾಕ್ಟ್ರು. ಒಂದೇ ಮನೇಲಿದ್ದೂ ಗೊತ್ತಾಗ್ಲಿಲ್ವಾ ನಿಮಗೆ?”

ಬೆಳಗಿನಿಂದ ಇದು ಎಷ್ಟನೆಯ ಸಲವೋ. ಉತ್ತರ ಗೊತ್ತಿದ್ದರೆ ತಾನೇ ಹೇಳುವುದು? ನಿನ್ನೆ ಸಂಜೆ ಬಂದವನು ಒಂದು ಚಪ್ಪಲಿ ಬಿಟ್ಟಿದ್ದ. ಇನ್ನೊಂದನ್ನು ಬಿಡಲು ಬಗ್ಗಿದವನು ಏಳಲಿಲ್ಲ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಸ್ವಲ್ಪ ಸರೀರಿ,” ಎಂದು ಗುಮಾಸ್ತರ ಕುರ್ಚಿಯಲ್ಲಿ ತಾನೇ ಕೂತಳು.

* * *

ಅವರ ಮನೆಯ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರದಷ್ಟು ಊರವರ ಕಂಪ್ಯೂಟರುಗಳು. ಸಣ್ಣ ಅಕ್ಷರ ಕಾಣದ ಗಂಡ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡು, “ಓದೇ,” ಎನ್ನುತ್ತಿದ್ದ. ಮಷಿನ್ ಏಳುವಾಗ ಅದರ ಜೊತೆ ಏನೇನು ಏಳಬೇಕು ಎಂಬ ಪಟ್ಟಿ ಅದರೊಳಗೇ ಇರುತ್ತದೆ, ಒಂದೊಂದರ ಮುಂದೆಯೂ ಒಂದು ಟಿಕ್. ಅವಳು ಓದುತ್ತಿದ್ದಳು.

“ಅರ್ಧ ಟಿಕ್ ತೆಗಿ. ರೀಸ್ಟಾರ್ಟ್ ಮಾಡು. ಸರಿಯಾಗಿ ಎದ್ರೆ ಕಾಟ ಕೊಡೋ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ. ಇಲ್ಲಾಂದ್ರೆ ಉಳಿದ ಅರ್ಧದಲ್ಲಿ.”

“ನನ್ನನ್ನೂ ಹೀಗೇ ಅರ್ಧ ಆರಿಸಿ ನೋಡಿ ಒಂದಿನ.”

“ನಿನ್ನಲ್ಲಿ ಆನ್ ಇರೋದೇ ಬಾಯೊಂದು. ಅದನ್ನ ಆರಿಸೋ ಧೈರ್ಯ ನನಗಿಲ್ಲಪ್ಪ.”

ಸಿಟ್ಟು ಮಾಡಿಕೊಂಡು ಎದ್ದುಹೋದರೂ ಹತ್ತು ನಿಮಿಷಕ್ಕೆ ವಾಪಸು ಬಂದು ಕೂರುತ್ತಿದ್ದಳು. ಕಳ್ಳ ಸಿಕ್ಕುವ ತನಕ ಅವಳಿಗೂ ಊಟ ಸೇರುತ್ತಿರಲಿಲ್ಲ.

* * *

ನಿನ್ನೆ ಅವನು ಟಿಕ್ ತೆಗೆದು ಆರಿಸಿದವು ಹದಿನಾರು, ಪ್ರಿಂಟರನ್ನು ಎಬ್ಬಿಸುವುದೂ ಅವುಗಳಲ್ಲೇ ಎಲ್ಲೋ. ಮೇಲಿನ ಎಂಟಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಕೊಟ್ಟಳು. ಮಷಿನ್ ಅರ್ಧ ಎದ್ದು ಹಾಗೇ ನಿಂತಿತು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಹೊರಗೆ ವ್ಯಾನಿನವನು ಹಾರನ್ ಹೊಡೆದ.

“ನಾಲ್ಕೂ ಇಪ್ಪತ್ತೈದು, ಅತ್ತಿಗೆ.”

“ಗಡಿಯಾರ ನನಗೂ ಕಾಣ್ಸುತ್ತೆ.”

ಕಳ್ಳ ಮೇಲಿನ ಎಂಟರಲ್ಲಿದ್ದಾನೆ. ಇರಲಿ, ಹಾಳಾಗಿ ಹೋಗಲಿ, ಹಿಡಿಯುವಷ್ಟು ಹೊತ್ತಿಲ್ಲ. ಮಷಿನ್ನನ್ನು ಬಲವಂತವಾಗಿ ಆರಿಸಿ, ತೀರಾ ಬೇಕಾದದ್ದು ಮಾತ್ರ ಏಳುವ ಹಾಗೆ ಎಬ್ಬಿಸಿ, ಆ ಎಂಟರ ಟಿಕ್ ತೆಗೆದು ಕೆಳಗಿನ ಎಂಟಕ್ಕೆ ಹಾಕಿದಳು. ಈ ಮನುಷ್ಯ ಅರ್ಧಕ್ಕೆ ಬಿಟ್ಟುಹೋದದ್ದು ಒಂದೇ ಎರಡೇ! ಮತ್ತೆ ರೀಸ್ಟಾರ್ಟ್. ನಾಲ್ಕೂ ನಲವತ್ತು. ಪರದೆ ಬಂತು. ಪ್ರಿಂಟರಿನ ದೀಪ ಹತ್ತಿತು. ಗುಮಾಸ್ತರು ಬಗ್ಗಿ ಚೀಟಿಯನ್ನು ಪ್ರಿಂಟಿಗೆ ಕೊಟ್ಟರು.

ಗರಗರ ಸದ್ದಾಗಿ ಹಾಳೆ ಹೊರಬಂತು. ಅದು ಚೀಟಿಯಲ್ಲ.

“ಓ, ಇದು ನಿನ್ನೆ ಅವರು ಟೆಸ್ಟಿಗೆ ಅಂತ ಕೊಟ್ಟಿದ್ದು,” ಎಂದರು ಗುಮಾಸ್ತರು. “ಪ್ರಿಂಟರ್ ಏಳ್ಲೇ ಇಲ್ಲ. ಒಳಗೇ ಉಳ್ಕೊಂಡಿತ್ತು ಅನ್ಸುತ್ತೆ. ಬಿಸಾಕಿ ಅದನ್ನ.”

ಪ್ರಿಂಟರ್ ಪರೀಕ್ಷಿಸುವಾಗ ಆ ಹೊತ್ತಿಗೆ ಮನಸ್ಸಿನಲ್ಲಿದ್ದದ್ದನ್ನು ಟೈಪು ಮಾಡುವುದು ಅವನ ಅಭ್ಯಾಸ. ಒಂದೇ ಮಾತು ಮೂರು ಸಾಲಿನಲ್ಲಿತ್ತು. ಮೊದಲು ಸಣ್ಣ ಅಕ್ಷರ, ಆಮೇಲೆ ದೊಡ್ಡದು, ಆಮೇಲೆ ಇನ್ನೂ ದೊಡ್ಡದು.

ಎಡಗೈ ನೋಯ್ತಿದೆ.
ಎಡಗೈ ನೋಯ್ತಿದೆ.
ಎಡಗೈ ನೋಯ್ತಿದೆ.

“ಈ ಡಬ್ಬಕ್ಕೆ ಹೇಳಿದ್ರಲ್ಲ!” ಎಂದು ಅವಳು ಕೂಗಿಬಿಟ್ಟಳು. “ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಏನಾಗಿತ್ತು?” ಬೆಳಗಿನಿಂದ ಒಂದು ಹನಿ ನೀರು ಬಾರದ ಕಣ್ಣು ಧಾರಾಕಾರ ಸುರಿಯಿತು. ಮೇಜಿಗೆ ಹಣೆ ಒತ್ತಿ ಅತ್ತಳು.

ಅಷ್ಟರಲ್ಲಿ ಚೀಟಿಯೂ ಬಂತು. ಗೇಟಿನ ತನಕ ಹೋಗಿದ್ದ ನಾದಿನಿ ಓಡಿಬಂದಳು. “ಬಂತಾ ಅತ್ತಿಗೆ?”

ಅವಳು ಚೀಟಿಯನ್ನು ಸೀಲಿಗೆಂದು ಗುಮಾಸ್ತರ ಕಡೆ ತಳ್ಳಿದಳು. “ನಿಮ್ಮಣ್ಣಂದು, ನಿನ್ನೇದು,” ಎಂದು ಇನ್ನೊಂದು ಹಾಳೆಯನ್ನು ನಾದಿನಿಯ ಕೈಗೆ ಕೊಟ್ಟಳು.

ಮೂರೇ ಸಾಲು. ಓದಲು ನಾದಿನಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ವ್ಯಾನಿನ ಹಿಂಬಾಗಿಲು ತೆರೆದ ಸದ್ದಾಯಿತು. ನಾದಿನಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಪಕ್ಕಕ್ಕೆ ಬಂದು ನಿಂತು, ಅತ್ತಿಗೆಯ ಎಡತೋಳನ್ನು ಹಿಡಿದು, ಭುಜದಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಉಜ್ಜತೊಡಗಿದಳು.