ತಗ್ಗು ಬೈಕು

ಅವರ್ಸಾದ ಮಧುಕರ ಆರು ವರ್ಷಗಳ ಹಿಂದೆ ಅಗಸೂರಿನ ಒಂದು ಅಕ್ಕಿ ಗಿರಣಿಯ ಮಾಡಿಗೆ ಕಬ್ಬಿಣದ ಪಟ್ಟಿ ಬೆಸೆಯುವಾಗ ಏಣಿಯಿಂದ ಬಿದ್ದ. ಎಡ ಸೊಂಟದ ಮೂಳೆ ಮುರಿಯಿತು. ಎರಡು ಸಲ ಆಪರೇಶನ್ ಆದ ಮೇಲೆ ಮೂಳೆ ಕೂಡಿತು, ಆದರೆ ಎಡಗಾಲು ಎರಡು ಇಂಚು ಗಿಡ್ಡವಾಗಿ ಉಳಿಯಿತು. ಎತ್ತರಕ್ಕೆ ಹತ್ತುವ ಕೆಲಸ ಬಿಟ್ಟು ಮನೆಯ ಪಕ್ಕದ ಶೆಡ್ಡಿನಲ್ಲೇ ಗೇಟು, ಕಿಟಕಿಯ ಗ್ರಿಲ್ಲು ಮಾಡತೊಡಗಿದ. ಓಡಾಟಕ್ಕೆ ಹಿಂದೆ ಎರಡು ಹೆಚ್ಚಿನ ಗಾಲಿ ಕೂರಿಸಿದ ಸ್ಕೂಟರು ಬಂತು.

ಬೀಳುವ ಮೊದಲು ಅವನು ಓಡಿಸುತ್ತಿದ್ದ ಎಂಬತ್ತಾರನೇ ಇಸವಿಯ ಬುಲೆಟ್ ಶೆಡ್ಡಿನ ಮೂಲೆಯಲ್ಲಿ ನಿಂತೇ ಇತ್ತು. ಆಸ್ಪತ್ರೆಯಿಂದ ಬಂದ ವರ್ಷ ಒಮ್ಮೆ ಹತ್ತಿ ನೋಡಿದ್ದ. ಎಡಗಾಲು ನೆಲಕ್ಕೆ ಎಟುಕದೆ ಬೈಕಿನ ಸಮೇತ ಗೋಡೆಗೆ ವಾಲಿದ. ಆಮೇಲೆ ಕೊಳ್ಳಲು ಇಬ್ಬರು ಬಂದರು. ಇಬ್ಬರಿಗೂ ಅವರು ಒಪ್ಪಲಾರದಷ್ಟು ಬೆಲೆ ಹೇಳಿ ಕಳಿಸಿದ.

ಕಳೆದ ದೀಪಾವಳಿಯ ಹೊತ್ತಿಗೆ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಯಾವುದೋ ದೇಶದಲ್ಲಿ ಒಬ್ಬ ತನ್ನ ಮನೆಯಲ್ಲೇ ಹಳೆಯ ಬೈಕಿನ ಚಾಸಿಯ ಹಿಂದಿನ ಅರ್ಧ ಕತ್ತರಿಸಿ, ಶಾಕ್ ಅಬ್ಸಾರ್ಬರ್ ತೆಗೆದುಹಾಕಿ, ಚಕ್ರವನ್ನು ನೇರವಾಗಿ ಚಾಸಿಗೇ ಬಿಗಿದಿದ್ದ. ಇದಕ್ಕೆ ಹಾರ್ಡ್‌ಟೇಲ್ ಚಾಪರ್ ಎನ್ನುತ್ತಾರೆ ಎಂದು ಮಧುಕರನಿಗೆ ಆಗ ತಿಳಿಯಿತು. ಸ್ಪ್ರಿಂಗು ಇಲ್ಲದ್ದರಿಂದ ಸೀಟು ಬಹಳ ಕೆಳಗೆ ಬಂದಿತ್ತು. ಆ ಮನುಷ್ಯ ಕುಳಿತಾಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದ್ದವು. ಮಧುಕರ ಆ ಜಾಗದಲ್ಲಿ ವಿಡಿಯೋ ನಿಲ್ಲಿಸಿ ಮತ್ತೆ ಮತ್ತೆ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಳಿತು ಟೇಪು ಹಿಡಿದ. ಅವನ ಎಡಗಾಲು ನೆಲಕ್ಕೆ ಎಟುಕಬೇಕಾದರೆ ಸೀಟಿನ ಎತ್ತರ ಇಪ್ಪತ್ತೈದು ಇಂಚು ಇರಬೇಕು.

ಹೆಂಡತಿ ದಮಯಂತಿ ಜಗುಲಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಊರಿನ ಅರ್ಧ ಮನೆಗಳ ರವಿಕೆ ಅವಳದೇ ಹೊಲಿಗೆ.

"ಅದನ್ನ ಕತ್ತರಿಸೂದಾ?" ಎಂದು ಕೇಳಿದಳು.

"ಹಿಂದಿನ ಅರ್ಧ ಮಾತ್ರ."

"ಇಡೀ ಇದ್ದಾಗ ಕೇಳ್ಕಂಡು ಬಂದ್ರು, ಕೊಡ್ಲಿಲ್ಲ. ಕತ್ತರಿಸಿದ್ಮೇಲೆ ಗುಜರಿಯವ್ನೂ ಕೇಳೂದಿಲ್ಲ."

"ಕೇಳೂದು ಬ್ಯಾಡ," ಎಂದ ಮಧುಕರ.

ಅವಳು ಸೂಜಿಗೆ ಬೇರೆ ನೂಲು ಪೋಣಿಸಿದಳು.

ಗೇಟಿನ ಕೆಲಸ ಮುಗಿದ ಮೇಲೆ ಸಂಜೆ ಎರಡು ತಾಸು ಬೈಕಿಗೆ ಎಂದು ಇಟ್ಟುಕೊಂಡ. ಚಾಸಿ ಅಲುಗದಂತೆ ದಪ್ಪ ಕಬ್ಬಿಣದ ಚಾನೆಲ್ಲುಗಳಿಂದ ಒಂದು ಮೇಜು ಕಟ್ಟಿ ಅದಕ್ಕೆ ಬಿಗಿದ. ಹೊಸ ಪೈಪುಗಳನ್ನು ಬಗ್ಗಿಸಲು ಅವನಲ್ಲಿ ಯಂತ್ರವಿರಲಿಲ್ಲ. ಕಡಲ ದಂಡೆಯ ಮರಳು ತಂದು, ತೊಳೆದು ಒಣಗಿಸಿ, ಪೈಪು ಚಪ್ಪಟೆಯಾಗದಿರಲೆಂದು ಒಳಗೆ ಗಟ್ಟಿಯಾಗಿ ತುಂಬಿ, ಬಾಯಿ ಮುಚ್ಚಿ, ಕೆಂಪಗೆ ಕಾಯಿಸಿ ಬಗ್ಗಿಸಿದ. ಮೊದಲನೇ ಪೈಪು ಒಳಗಿನ ಬದಿ ಸುಕ್ಕುಗಟ್ಟಿತು. ಎರಡನೆಯದು ಸರಿ ಬಂತು, ಮೂರನೆಯದು ಎರಡನೆಯದಕ್ಕೆ ಜೋಡಿಯಾಗಲಿಲ್ಲ. ಐದು ಪೈಪು ಹಾಳಾದ ಮೇಲೆ ಒಂದು ಜೋಡಿ ಸಿಕ್ಕಿತು. ಬೆಸೆದು ಮುಗಿಸಿ ದಾರ ಕಟ್ಟಿ ನೋಡಿದರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಕಾಲು ಇಂಚು ಬಲಕ್ಕೆ ಸರಿದಿತ್ತು. ಪೂರ್ತಿ ಕತ್ತರಿಸಿ ಮತ್ತೆ ಬೆಸೆದ.

ಹಳೆಯ ಬುಲೆಟ್ಟಿಗೆ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಗೇರಿನದು ತೊಂದರೆ ಇರಲಿಲ್ಲ. ಬ್ರೇಕನ್ನು ಕೈಗೆ ತರಬೇಕಿತ್ತು. ಇದಕ್ಕೆ ಅವನು ಕಾರವಾರದ ರಾಮಾ ತಾಂಡೇಲನ ಬಳಿ ಹೋದ. ರಾಮಾ ಬಂದರಿನ ಹತ್ತಿರ ಲೇಥ್ ಇಟ್ಟುಕೊಂಡು ಮೀನುಗಾರರ ಬೋಟುಗಳ ಶಾಫ್ಟು ಕಡೆಯುವವನು, ಮಧುಕರನಿಗಿಂತ ಹತ್ತು ವರ್ಷ ದೊಡ್ಡವನು. ಒಂದೇ ಹಿಡಿಕೆ ಎರಡೂ ಬ್ರೇಕಿನ ಕೇಬಲ್ ಎಳೆಯುವಂತೆ ಒಂದು ತುಂಡು ಕಡೆದುಕೊಟ್ಟ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಮಾತಿನಲ್ಲಿ ಮಾತ್ರ ಇಬ್ಬರಿಗೂ ಹೊಂದಲಿಲ್ಲ.

"ಎಂಟು ಇಂಚು ಉದ್ದ ಮಾಡೂದು ಎಂತಕ್ಕೆ?" ಎಂದ ರಾಮಾ. "ಎರಡು ಸಾಕು."

"ಚಾಪರಿನ ಫೋಟೋದಲ್ಲಿ ಹನ್ನೆರಡು ಅದೆ ರಾಮಣ್ಣ."

"ಫೋಟೋಕ್ಕೆ ತಿರುವು ಬರೂದಿಲ್ಲ, ಮಧೂ."

ಆದರೂ ಮಧುಕರ ಎಂಟೇ ಬೇಕೆಂದ. ರಾಮಾ ಕಡೆದುಕೊಟ್ಟ.

ಕಾರವಾರಕ್ಕೆ ಹೋದ ದಿನವೇ ಆರ್‌ಟಿಓ ಕಚೇರಿಗೂ ಹೋಗಿದ್ದ. ಚಾಸಿ ಕತ್ತರಿಸಿದ ಗಾಡಿಯನ್ನು ರಸ್ತೆಗೆ ತರುವಂತಿಲ್ಲ ಎಂದು ಅಲ್ಲಿಯ ಅಧಿಕಾರಿ ನಿಧಾನವಾಗಿ ತಿಳಿಸಿ ಹೇಳಿದರು. ಮಧುಕರ ಕೇಳಿಕೊಂಡು ಬಂದ. ಅವನ ಮನೆಯಿಂದ ಕಡಲ ದಂಡೆಯವರೆಗೆ ಚಿಕ್ಕಪ್ಪಂದಿರ ತೆಂಗಿನ ತೋಟಗಳ ನಡುವೆ ಒಂದು ಮೈಲಿಯ ಗಾಡಿದಾರಿ ಇತ್ತು. ತನಗೆ ಅಷ್ಟು ಸಾಕು ಎಂದುಕೊಂಡ.

ಫೆಬ್ರವರಿಯಲ್ಲಿ ಬೈಕು ತಯಾರಾಗಿ ನಿಂತಿತು. ನೆಲಕ್ಕೆ ಹತ್ತಿದಂಥ ಸೀಟು, ಮುಂದೆ ಚಾಚಿಕೊಂಡ ಫೋರ್ಕು, ಮೇಲೆದ್ದ ಹ್ಯಾಂಡಲ್. ನೋಡಲು ಬಂದವರು ಫೋಟೋ ತೆಗೆದುಕೊಂಡು ಹೋದರು. ಅಂಕೋಲೆಯಿಂದಲೂ ಜನ ಬಂದರು. ಮಧುಕರ ಎಣ್ಣೆಬಟ್ಟೆ ಹಿಡಿದು ಅದರ ಪಕ್ಕದಲ್ಲಿ ನಿಲ್ಲುತ್ತಿದ್ದ.

ಆದರೆ ಚಾಲೂ ಮಾಡಲು ಅವನಿಂದ ಆಗಲಿಲ್ಲ. ಬಲಗಾಲಿನಿಂದ ಕಿಕ್ ಹೊಡೆಯಬೇಕಾದರೆ ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತಿತ್ತು. ಆ ಕಾಲು ತಡೆಯುತ್ತಿರಲಿಲ್ಲ. ಕೊನೆಗೆ ದಮಯಂತಿಯನ್ನು ಕರೆದ. ಯಾವ ಹಿಡಿಕೆ ಒತ್ತಿ ಎಂಜಿನ್ನಿನ ಬಿಗಿ ಸಡಿಲಿಸಬೇಕು, ಯಾವಾಗ ಬಿಟ್ಟು ಒದೆಯಬೇಕು ಎಂದು ತೋರಿಸಿದ. ಮೊದಲ ಸಲ ಕಿಕ್ ಹಿಂದಕ್ಕೆ ಹಾರಿ ಅವಳ ಮೊಣಕಾಲ ಕೆಳಗೆ ಬಡಿಯಿತು.

"ಇದು ಒದಿತದೆ," ಎಂದಳು.

"ಅದು ಒದಿಯೂಕಿಂತ ಮೊದ್ಲು ನೀ ಒದಿಬೇಕು."

ನಾಲ್ಕನೇ ಸಲ ಎಂಜಿನ್ ಹಿಡಿಯಿತು. ಅಂದಿನಿಂದ ದಿನಾ ಒಲೆಯ ಮೇಲಿನ ಅನ್ನಕ್ಕೆ ಮುಚ್ಚಳ ಹಾಕಿ ಬಂದು ಒಂದು ಕಿಕ್ ಹೊಡೆದು ಹೋಗುವುದು ಅವಳ ಕೆಲಸವಾಯಿತು.

ನೇರ ದಾರಿಯಲ್ಲಿ ಬೈಕು ಚೆನ್ನಾಗಿ ಓಡುತ್ತಿತ್ತು, ಬೆನ್ನಿಗೆ ಮಾತ್ರ ಪ್ರತಿ ಕಲ್ಲೂ ತಿಳಿಯುತ್ತಿತ್ತು. ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ದಂಡೆಯಿಂದ ತಿರುಗಿ ಬರುವಾಗ, ಹಳೆ ಬಾವಿಯ ಹತ್ತಿರದ ತಿರುವಿನಲ್ಲಿ ನಿಧಾನಿಸಿದ. ಉದ್ದದ ಫೋರ್ಕು ತನ್ನ ಭಾರಕ್ಕೆ ತಾನೇ ಎಡಕ್ಕೆ ಮಡಚಿಕೊಂಡಿತು. ಎಡಪಾದ ನೆಲ ಮುಟ್ಟಿತು, ಆದರೆ ಮರಳಿನಲ್ಲಿ ಜಾರಿತು. ಬೈಕು ಕಾಲಿನ ಮೇಲೆ ಬಿತ್ತು. ಸೈಲೆನ್ಸರ್ ಮೀನಖಂಡಕ್ಕೆ ಹತ್ತಿ ಸುಟ್ಟಿತು. ಎಳೆದುಕೊಳ್ಳಲು ಆಗದೆ ಹಾಗೇ ಬಿದ್ದಿದ್ದ.

ದಂಡೆಯಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಲು ಹೊರಟ ಗಂಗೂ ಅದೇ ದಾರಿಯಲ್ಲಿ ಬಂದಳು. ಬುಟ್ಟಿ ಇಳಿಸಿ, ಸೆರಗು ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಎತ್ತಿದಳು.

"ಎಂತಾ ಮಧೂ, ಇದು ತಿರುಗೂದಿಲ್ಲಾ?"

"ಬೇಕಾದ್ದಕ್ಕಿಂತ ಜಾಸ್ತಿ ತಿರುಗ್ತು," ಎಂದ ಮಧುಕರ.

ಅವಳು ಅವನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಕಾಲಿಗೆ ನೀರು ಸುರಿದು, ದಮಯಂತಿಗೆ ಹೇಳಿ ಕಳಿಸಿದಳು. ದಮಯಂತಿ ಬಂದು ಗಾಯ ನೋಡಿದಳು. ಎರಡು ದಿನ ಮುಲಾಮು ಹಚ್ಚಿದಳು. ಮೂರನೇ ದಿನ, "ನೀವು ಬಿದ್ದದ್ದು ಇದು ಎರಡ್ನೇ ಸಲ. ಮೂರ್ನೇದಕ್ಕೆ ಮುಲಾಮು ಹಚ್ಚೂಕೆ ನನ್ನ ಕೈಲಾಗೂದಿಲ್ಲ," ಎಂದಳು.

ಮಧುಕರ ಬೈಕಿಗೆ ತಾಡಪತ್ರಿ ಮುಚ್ಚಿದ. ಸುಟ್ಟ ಗಾಯಕ್ಕಿಂತ ಹೆಚ್ಚಾಗಿ ಅವನಿಗೆ ನಾಚಿಕೆಯಾಗಿತ್ತು. ನೋಡಲು ಬಂದವರಿಗೆ ಎಂಜಿನ್ ಕೆಟ್ಟಿದೆ ಎಂದು ಹೇಳುತ್ತಿದ್ದ.

ಏಪ್ರಿಲ್‌ನಲ್ಲಿ ರಾಮಾ ತಾಂಡೇಲ ಕಾರವಾರದಿಂದ ಬಸ್ಸಿನಲ್ಲಿ ಬಂದ. ಚಹಾ ಕುಡಿದು, ತಾಡಪತ್ರಿ ತೆಗೆಸಿ, ಬೈಕಿನ ಮೇಲೆ ಕುಳಿತು ಹ್ಯಾಂಡಲನ್ನು ನೇರ ಹಿಡಿದು ಬಿಟ್ಟ. ಅದು ತಾನಾಗಿ ಪಕ್ಕಕ್ಕೆ ಬಿತ್ತು. ಮತ್ತೊಮ್ಮೆ ಬಿಟ್ಟ. ಮತ್ತೆ ಬಿತ್ತು.

"ಇದನ್ನ ನಿನ್ನ ಕಾಲಿಗೆ ಕಟ್ಟಿದ್ದೋ, ನೋಡೂ ಮಂದಿಗೆ ಕಟ್ಟಿದ್ದೋ?" ಎಂದು ಕೇಳಿದ.

ಮಧುಕರ ತಾಡಪತ್ರಿ ಮಡಚಿಟ್ಟ. "ಎರಡಕ್ಕೂ," ಎಂದ.

"ಎರಡಕ್ಕೂ ಆಗೂದಿಲ್ಲ ಮಾರಾಯಾ."

"ಫೋರ್ಕು ಗಿಡ್ಡ ಮಾಡಿದ್ರೆ ಇದು ಚರಂಡಿಗೆ ಇಳಿದ ಬುಲೆಟ್ಟಿನಂಗೆ ಕಾಣ್ತದೆ, ರಾಮಣ್ಣ."

"ಕಾಣ್ಲಿ. ನೀ ಮೇಲೆ ಕೂತಿರ್ತೆ, ನಿಂಗೆ ಕಾಣೂದಿಲ್ಲ."

ಮರುದಿನ ಮಧುಕರ ಹ್ಯಾಂಡಲ್ ಕೂರುವ ಕತ್ತನ್ನು ಗ್ರೈಂಡರಿನಿಂದ ಕತ್ತರಿಸಿದ. ಮೂರು ತಿಂಗಳು ಉಜ್ಜಿ ಹೊಳಪಿಸಿದ್ದ ಜೋಡಣೆ ಅದು. ಕತ್ತರಿಸುವಾಗ ಬೇಸರವಾಯಿತು; ಮಧ್ಯದಲ್ಲಿ ಒಮ್ಮೆ ಗ್ರೈಂಡರ್ ಕೆಳಗಿಟ್ಟು ಹೊರಗೆ ಹೋಗಿ ಬಂದ. ಕತ್ತನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸಿ ಬೆಸೆದ. ರಾಮಾ ಫೋರ್ಕಿಗೆ ಆರು ಇಂಚು ಗಿಡ್ಡದ ಹೊಸ ಕೊಳವೆ ಕಡೆದು ಕಳಿಸಿದ. ಸೀಟಿನ ಅಡಿಗೆ ಹಳೆ ಸೈಕಲ್ಲಿನ ಎರಡು ಸ್ಪ್ರಿಂಗು ಬಂದವು. ಸೀಟಿಗೆ ಹೊಸ ರೆಕ್ಸಿನ್ ಹೊಲಿಯಲು ದಮಯಂತಿ ಅವನು ಕೇಳುವ ಮೊದಲೇ ಅಳತೆ ತೆಗೆದುಕೊಂಡಳು. ಒಳಗೆ ಎರಡು ಪದರ ಹೆಚ್ಚು ಸ್ಪಂಜು ಇಟ್ಟಳು.

ಮೇ ತಿಂಗಳ ಮೊದಲ ವಾರ ಮಧುಕರ ಮತ್ತೆ ಹೊರಟ. ಬಾವಿಯ ತಿರುವಿನಲ್ಲಿ ಹ್ಯಾಂಡಲ್ ಅವನು ತಿರುಗಿಸಿದಷ್ಟೇ ತಿರುಗಿತು. ದಂಡೆ ಮುಟ್ಟಿ ಹಿಂದೆ ಬಂದ. ಅಂಥ ದೊಡ್ಡ ಸಂತೋಷವೇನೂ ಆಗಲಿಲ್ಲ, ಗಾಡಿ ಓಡಿತು ಅಷ್ಟೇ ಎಂದು ರಾಮಾನಿಗೆ ಫೋನಿನಲ್ಲಿ ಹೇಳಿದ. ಆದರೆ ಮರುದಿನ ಗೇಟಿನ ಕೆಲಸ ಅರ್ಧಕ್ಕೇ ಬಿಟ್ಟು ಎರಡು ಸಲ ಹೋಗಿ ಬಂದ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಸಂಜೆ ದಮಯಂತಿ ಎಂದಿನಂತೆ ಬಂದು ಕಿಕ್ ಹೊಡೆದಳು. ಎಂಜಿನ್ ಹಿಡಿಯಿತು. ಅವಳು ಒಳಗೆ ಹೋಗಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸೀಟಿನ ಮೇಲೆ ಕುಳಿತಳು. ಅವಳು ಐದಡಿಯೂ ಇಲ್ಲದ ಹೆಂಗಸು. ಎರಡೂ ಪಾದ ನೆಲದ ಮೇಲೆ ಊರಿದ್ದವು.

"ಗೇರು ಎಲ್ಲದೆ?" ಎಂದು ಕೇಳಿದಳು.

ಮಧುಕರ ತಮಾಷೆ ಎಂದುಕೊಂಡ. ಅವಳ ಮುಖ ನೋಡಿ ಹೇಳಿಕೊಟ್ಟ. ಶಾಲೆಗೆ ಹೋಗುವಾಗ ಸೈಕಲ್ ತುಳಿದದ್ದು ಬಿಟ್ಟರೆ ಅವಳು ಏನನ್ನೂ ಓಡಿಸಿದವಳಲ್ಲ. ಮೂರು ಸಲ ಎಂಜಿನ್ ಬಂದಾಯಿತು. ನಾಲ್ಕನೇ ಸಲ ಬೈಕು ಮೊದಲ ಗೇರಿನಲ್ಲಿ ಹೊರಟಿತು. ಮಧುಕರ ಕುಂಟುತ್ತ ಹಿಂದೆ ನಡೆದ. ಬಾವಿಯವರೆಗೆ ಕಾಣುತ್ತಿದ್ದಳು, ಆಮೇಲೆ ಕಾಣಲಿಲ್ಲ. ಸದ್ದು ದೂರವಾಗುತ್ತ ಹೋಗಿ ನಿಂತಿತು. ಅವನಿಗೆ ಭಯವಾಯಿತು. ಆದಷ್ಟು ಬೇಗ ನಡೆದ.

ದಂಡೆಯ ಹತ್ತಿರ ದಾರಿ ಮುಗಿಯುವಲ್ಲಿ ಅವಳು ಬೈಕಿನ ಮೇಲೆ ಹಾಗೇ ಕುಳಿತಿದ್ದಳು.

"ಎಂತಾ ಆಯ್ತು?"

"ಎಂತಾ ಆಗ್ಲಿಲ್ಲ. ವಾಪಸ್ ತಿರುಗ್ಸೂದು ನೀವು ಹೇಳಿಕೊಡ್ಲಿಲ್ಲ."

ಅಲ್ಲೇ ಹೇಳಿಕೊಟ್ಟ. ಅವಳು ಓಡಿಸಿಕೊಂಡು ಮನೆಗೆ ಹೋದಳು. ಅದು ಒಬ್ಬರೇ ಕೂರುವ ಗಾಡಿ. ಅವನು ನಡೆದುಕೊಂಡು ಬಂದ.

ಮಳೆಗಾಲ ಪೂರ್ತಿ ಬೈಕು ಶೆಡ್ಡಿನಲ್ಲೇ ಇತ್ತು. ಈಗ ದಾರಿ ಒಣಗಿದೆ. ದಂಡೆಯ ಬದಿಯ ಮನೆಗಳಿಗೆ ರವಿಕೆ ಕೊಡಲು ದಮಯಂತಿ ವಾರಕ್ಕೆ ಮೂರು ಸಂಜೆ ಅದರಲ್ಲೇ ಹೋಗುತ್ತಾಳೆ. ಹ್ಯಾಂಡಲಿಗೆ ಚೀಲ ನೇತುಹಾಕಲು ಮಧುಕರ ಒಂದು ಕೊಕ್ಕೆ ಬೆಸೆದುಕೊಟ್ಟಿದ್ದಾನೆ. ಬೆಳಗಿನ ಹೊತ್ತು ಬೈಕು ಅವನದು. ಚೈನಿಗೆ ಎಣ್ಣೆ ಹಾಕುವುದೂ ಅವನೇ. ಅದನ್ನು ಕಲಿಸಿಕೊಡಿ ಎಂದು ಅವಳು ಇನ್ನೂ ಕೇಳಿಲ್ಲ.